ಬೆಲ್ ಏರ್ ಯಾಕೆ ಆಟಿಕೆ ಥರ ಕಾಣುತ್ತೆ?

ಟೇಬಲ್ ಮೇಲೆ 1957ರ ಷೆವರ್ಲೆ ಬೆಲ್ ಏರ್ ಅನ್ನೋ ಅಮೆರಿಕನ್ ಕಾರಿನ ಪುಟ್ಟ ಮಾಡೆಲ್ ಇದೆ. 1:24 ಅಳತೆ, ಅಂದ್ರೆ ನಿಜವಾದ ಕಾರಿನ 24ರಲ್ಲಿ ಒಂದು ಪಾಲು, ಮೂತಿಯಿಂದ ಬಾಲದವರೆಗೆ 21 ಸೆಂಟಿಮೀಟರ್. ಹಿಂದಿನ ರೆಕ್ಕೆ ಪಕ್ಕದಲ್ಲಿ ಗೀರುಗೀರಾದ ಅಲ್ಯೂಮಿನಿಯಂ ಪಟ್ಟಿ, ಮುಂದೆ ಚಿನ್ನದ ಬಣ್ಣದ ಜಾಲರಿ, ಅಗಲ ಬಿಳಿ ಅಂಚಿನ ಟೈರು, ಎಲ್ಲ ಸರಿಯಾಗೇ ಇದೆ. ಫೋಟೊದಲ್ಲಿ ಮಾತ್ರ ಜಾತ್ರೇಲಿ ಕೊಂಡ ಆಟಿಕೆ. ತಕ್ಷಣ ಜನ ಚಿಕ್ಕ ವಸ್ತುನ ಹತ್ತಿರದಿಂದ ತೆಗೆಯೋ ಮ್ಯಾಕ್ರೊ ಲೆನ್ಸಿನ ರೇಟು ನೋಡೋಕೆ ಶುರು ಮಾಡ್ತಾರೆ. ನನ್ನ ಕೇಳಿದ್ರೆ ಆ ದುಡ್ಡು ದಂಡ. ಫೋಟೊ ಕೆಡೋದು ಕ್ಯಾಮೆರಾದ ಎತ್ತರದಲ್ಲಿ.

ನಿಂತ ಮನುಷ್ಯನ ಕಣ್ಣು ನೆಲದಿಂದ ಹೆಚ್ಚುಕಮ್ಮಿ 160 ಸೆಂಟಿಮೀಟರ್ ಮೇಲಿರುತ್ತೆ. 24ರಿಂದ ಭಾಗಿಸಿ: 6.7. ಲೆನ್ಸಿನ ನಡುಭಾಗ ಟೇಬಲ್‌ನಿಂದ ಅಷ್ಟೇ ಮೇಲಿರಬೇಕು. 1:18 ಮಾಡೆಲ್ ಆದ್ರೆ 9. ಫೋನನ್ನ ಉದ್ದಕ್ಕೆ ನಿಲ್ಲಿಸಿದ್ರೆ ಲೆನ್ಸ್ 13-14 ಸೆಂಟಿಮೀಟರಿಗೆ ಹೋಗುತ್ತೆ, ಲಾರಿ ಮೇಲೆ ನಿಂತು ಕಾರು ನೋಡಿದ ಹಾಗೆ. ಅಡ್ಡ ನಿಲ್ಲಿಸಿ, ಸ್ಕೇಲಿಟ್ಟು ಅಳೀರಿ, ಕಮ್ಮಿ ಬಿದ್ರೆ ಕೆಳಗೊಂದು ಬೆಂಕಿಪೊಟ್ಟಣ.

ಇದು ಅರ್ಧ ಕೆಲಸ. ಹಿಂದೆ ನಿಜವಾದ ಬೀದಿ, ಮರ, ಮನೆ ಸೇರಿಸಿಕೊಳ್ಳೋದಾದ್ರೆ ಟೇಬಲ್ಲೇ ಒಂದೂವರೆ ಮೀಟರ್ ಎತ್ತರ ಇರಬೇಕು. ಆಗ ಲೆನ್ಸ್ ಕಾರಿನ ಲೆಕ್ಕದಲ್ಲೂ ನಿಂತ ಮನುಷ್ಯನ ಕಣ್ಣು, ಬೀದಿಯ ಲೆಕ್ಕದಲ್ಲೂ ನಿಂತ ಮನುಷ್ಯನ ಕಣ್ಣು. ಮಾಡೆಲನ್ನ ನೆಲದ ಮೇಲಿಟ್ಟು ತೆಗೆದ್ರೆ ಹಿಂದಿನ ಬೀದಿ ಇರುವೆ ನೋಡಿದ ಬೀದಿ ಆಗುತ್ತೆ. ಎಲ್ಜಿನ್ ಪಾರ್ಕ್ ಅನ್ನೋ ಕಾಲ್ಪನಿಕ ಅಮೆರಿಕನ್ ಊರನ್ನ 1:24 ಕಾರುಗಳಿಂದ ಕಟ್ಟಿದ ಮೈಕೆಲ್ ಪಾಲ್ ಸ್ಮಿತ್ ಅವರು ಮಾಡೆಲ್ ಹಿಂದೆ ನಿಜವಾದ ಬೀದಿಯನ್ನೇ ಬಳಸಿದ್ರು, ಅದೂ ಗುರಿಯಿಟ್ಟು ಒತ್ತೋ ಸಾಧಾರಣ ಪಾಯಿಂಟ್ ಅಂಡ್ ಶೂಟ್ ಕ್ಯಾಮೆರಾದಲ್ಲಿ. ನಮ್ಮೂರಲ್ಲಿ ತೆಗೆಯೋರು ಮಾಳಿಗೆ ಮೇಲಿನ ಕಪ್ಪು ನೀರಿನ ಟ್ಯಾಂಕ್ ಒಂದನ್ನ ನೋಡ್ಕೊಳ್ಳಿ. ಅದು ಫ್ರೇಮಿಗೆ ಬಂದ್ರೆ 1957 ಅಲ್ಲಿಗೇ ಮುಗೀತು.

ಇನ್ನು ಹಿನ್ನೆಲೆ ಮಂಜು ಮಾಡೋ ಚಾಳಿ. 12 ಮೀಟರ್ ದೂರದಿಂದ ನಿಜವಾದ ಕಾರು ನೋಡಿದ್ರೆ ಮುಂದಿನ ಬಂಪರೂ ಹಿಂದಿನ ರೆಕ್ಕೆಯೂ ಎರಡೂ ಸ್ಪಷ್ಟ. ಮಾಡೆಲ್ ಫೋಟೊದಲ್ಲಿ ರೆಕ್ಕೆ ಮಸುಕಾದ್ರೆ ಕಣ್ಣು ತಕ್ಷಣ "ಚಿಕ್ಕದು" ಅಂತ ಹಿಡಿದುಬಿಡುತ್ತೆ. ಪೋರ್ಟ್ರೇಟ್ ಮೋಡ್ ಆಫ್ ಮಾಡಿ. ದೊಡ್ಡ ಕ್ಯಾಮೆರಾದಲ್ಲಿ ಲೆನ್ಸಿನ ರಂಧ್ರ ಕಿರಿದು ಮಾಡಿ ಎಫ್/11ರಿಂದ ಎಫ್/16ಕ್ಕೆ ಇಡಿ, ಅದನ್ನ ದಾಟಿದ್ರೆ ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಹರಡೋ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರ ಮೆತ್ತಗಾಗುತ್ತೆ. ಸಾಲದಿದ್ರೆ ಮೂತಿಯಿಂದ ಬಾಲಕ್ಕೆ ಫೋಕಸ್ ಸರಿಸ್ತಾ ಎಂಟು-ಹತ್ತು ಫ್ರೇಮ್ ತೆಗೆದು ಒಂದರ ಮೇಲೊಂದು ಕೂಡಿಸಿ. ಆ 12 ಮೀಟರ್ ಇಲ್ಲಿ 50 ಸೆಂಟಿಮೀಟರ್, ಅಷ್ಟು ಹಿಂದೆ ಸರಿದು ಫೋನಿನ ಜೂಮ್ 2ಎಕ್ಸ್‌ನಲ್ಲಿ ತೆಗೀರಿ. ಹದಿನೈದು ಸೆಂಟಿಮೀಟರಿಗೆ ಕ್ಯಾಮೆರಾ ತಂದ್ರೆ ಹೆಡ್‌ಲೈಟು ಉಬ್ಬಿ ಹಿಂಭಾಗ ಸೊರಗುತ್ತೆ.

ಬೆಳಕಿಗೆ ಸೂರ್ಯ ಸಾಕು. ಎಷ್ಟು ಚಿಕ್ಕ ಮಾಡೆಲ್ ಆದ್ರೂ ಬಿಸಿಲಿನ ನೆರಳಿನ ಅಂಚು ಆ ಅಳತೆಗೇ ತಕ್ಕ ಹಾಗೆ ಬೀಳುತ್ತೆ. ಟೇಬಲ್ ಲ್ಯಾಂಪ್ ಹತ್ತಿರ ಇರೋದ್ರಿಂದ ನೆರಳುಗಳು ಬೀಸಣಿಗೆ ಥರ ಹರಡ್ತವೆ.

ನೀರು ಚಿಮುಕಿಸಿ ಮಳೆ ತರಿಸೋರೂ ಇದ್ದಾರೆ. ನೀರಿಗೆ ಅಳತೆ ಗೊತ್ತಿಲ್ಲ ಸ್ವಾಮಿ! ಬಾನೆಟ್ ಮೇಲಿನ 3 ಮಿಲಿಮೀಟರ್ ಹನಿ ಆ ಲೋಕದಲ್ಲಿ 7 ಸೆಂಟಿಮೀಟರ್, ಒಂದು ಮೂಸಂಬಿ. ಕಾರು ಒಣಗಿರಲಿ, ರಸ್ತೆಗೆ ಮಾತ್ರ ಹೊಳಪಿನ ವಾರ್ನಿಷ್ ಬಳೀರಿ.

ರಸ್ತೆಗೆ ಕಪ್ಪು ಉಪ್ಪುಕಾಗದ, 220ರಿಂದ 400 ನಂಬರ್. ನಡುಗೆರೆ ಎಳೆಯೋ ಮುಂಚೆ ಒಂದು ನಿಮಿಷ: ಅಮೆರಿಕದಲ್ಲಿ ಎದುರುಬದುರು ಓಡಾಟದ ನಡುವೆ ಹಳದಿ ಗೆರೆ ಕಡ್ಡಾಯ ಆಗಿದ್ದು 1971ರ ರಸ್ತೆ ಗುರುತುಗಳ ನಿಯಮಾವಳಿಯಲ್ಲಿ. 1957ರ ಕಾರಿನ ಪಕ್ಕ ಬಿಡಿಬಿಡಿ ಬಿಳಿ ಗೆರೆ ಎಳೀರಿ. ನಾಲ್ಕು ಇಂಚಿನ ಗೆರೆ 1:24ರಲ್ಲಿ 4 ಮಿಲಿಮೀಟರ್ ಅಗಲ.