ನಿಂತ ಸೈಕಲ್ ಮೇಲೆ ಜರ್ಮನ್

ನಮಸ್ಕಾರ. ನನ್ನ ಹಿಂದೆ ಕಾಣ್ತಿದೆಯಲ್ಲ, ಅದು ನಮ್ಮನೆ ವ್ಯಾಯಾಮದ ಸೈಕಲ್. ಮಂಡಿ ನೋವು ಅಂತ ಹೋದಾಗ ಫಿಸಿಯೋಥೆರಪಿಸ್ಟ್ ಹೇಳಿದ್ರು ಅಂತ ತಂದದ್ದು. ತಂದ ಮೊದಲ ಎಂಟು ತಿಂಗಳು ಅದರ ಮೇಲೆ ಸವಾರಿ ಮಾಡಿದ್ದು ನಮ್ಮ ಯಜಮಾನರ ಒದ್ದೆ ಟವೆಲ್ಲು, ಮಳೆಗಾಲದಲ್ಲಿ ಒಂದು ಇಡೀ ಬೆಡ್‌ಶೀಟು. ನಿಮ್ಮನೇಲೂ ಇದೇ ಕಥೆ ಇದ್ರೆ ನಾಚಿಕೆ ಪಟ್ಕೋಬೇಡಿ.

ಈಗ ನಾನು ಅದರ ಮೇಲೆ ದಿನಾ ಅರ್ಧ ಗಂಟೆ ಕೂತು ಜರ್ಮನ್ ಕಲೀತೀನಿ. ಹೀಗಂದ ಕೂಡಲೇ ಜನ ಎರಡು ಥರ ಮುಖ ಮಾಡ್ತಾರೆ. ಒಂದು, "ಅಯ್ಯೋ, ಒಂದೇ ಏಟಿಗೆ ಎರಡು ಹಕ್ಕಿ, ಎಷ್ಟು ಚೆನ್ನಾಗಿದೆ" ಅನ್ನೋ ಮುಖ. ಇನ್ನೊಂದು, "ಎರಡೂ ಕೆಲಸ ಕೆಡಿಸ್ಕೋತಾಳೆ" ಅನ್ನೋ ಮುಖ. ಇಬ್ಬರ ಜೊತೆಗೂ ನನಗೆ ತಕರಾರಿದೆ.

ಜರ್ಮನ್ ಯಾಕೆ ಅಂತ ಮೊದಲು ಹೇಳಿಬಿಡ್ತೀನಿ. ಮಗಳು, ಅಳಿಯ ಸ್ಟುಟ್‌ಗಾರ್ಟಿನಲ್ಲಿದ್ದಾರೆ. ಮೊಮ್ಮಗಳಿಗೆ ಐದು ವರ್ಷ. ಬೆಳಗ್ಗೆ ಕೀಟಾಕ್ಕೆ ಹೋದ್ರೆ, ಅಂದ್ರೆ ಅಲ್ಲಿನ ಶಿಶುವಿಹಾರ, ಮಧ್ಯಾಹ್ನದವರೆಗೂ ಜರ್ಮನ್ನೇ. ವಿಡಿಯೋ ಕಾಲ್‌ನಲ್ಲಿ "ಊಟ ಆಯ್ತಾ ಪುಟ್ಟಿ?" ಅಂದ್ರೆ "ಯಾ" ಅನ್ನುತ್ತೆ. ಕನ್ನಡ ಅರ್ಥ ಆಗುತ್ತೆ, ಬಾಯಿಗೆ ಮಾತ್ರ ಬರಲ್ಲ. ಒಂದು ದಿನ ನಾನೇನೋ ಹೇಳಿದ್ದಕ್ಕೆ "ಕ್ವಾಚ್!" ಅಂತ ನಕ್ಕು ಓಡಿಹೋಯ್ತು. ಮಗಳನ್ನ ಕೇಳಿದ್ರೆ, "ಏನಿಲ್ಲ ಬಿಡಮ್ಮ" ಅಂದ್ಲು. ಆಮೇಲೆ ಹುಡುಕಿ ನೋಡ್ದೆ. ಬರೀ ಅಸಂಬದ್ಧ ಅಂತ! ಅವತ್ತೇ ತೀರ್ಮಾನ ಆಯ್ತು.

ಮೊದಲ ವಾರ ಹೇಗೆ ಕೆಡ್ತು ಅಂದ್ರೆ, ಹ್ಯಾಂಡಲ್ ಮೇಲೆ ಫೋನ್ ಒರಗಿಸಿ ಡೆರ್, ಡೀ, ಡಾಸ್ ಕೋಷ್ಟಕ ಇಟ್ಕೊಂಡೆ. ಜರ್ಮನ್‌ನಲ್ಲಿ ಪ್ರತಿ ನಾಮಪದಕ್ಕೂ ಒಂದು ಲಿಂಗ. ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಯಾಕೆ ಅಂತ ಕೇಳೋ ಹಾಗಿಲ್ಲ. ಅದರ ಮೇಲೆ ವಿಭಕ್ತಿ ಬದಲಾದ್ರೆ ಡೆರ್ ಹೋಗಿ ಡೆನ್, ಡೆಮ್. ಐದು ನಿಮಿಷ ಆದ ಮೇಲೆ ನೋಡ್ತೀನಿ, ಕಾಲು ಆಡ್ತಾನೇ ಇಲ್ಲ. ನಾನು ನಿಲ್ಲಿಸಿದ್ದಲ್ಲ, ತಾನಾಗೇ ನಿಂತಿದೆ. ವೇಗದ ಮೀಟರ್ ಸೊನ್ನೆ. ಮತ್ತೆ ತುಳಿದೆ, ಕೋಷ್ಟಕ ಮರೀತು. ಕೋಷ್ಟಕ ಹಿಡಿದೆ, ಕಾಲು ನಿಂತ್ತು.

ಈ ಮೀಟರ್ ವಿಷಯ ಸ್ವಲ್ಪ ಕೇಳಿ, ಇದೇ ನನಗೆ ಸಿಕ್ಕ ನಿಜವಾದ ಮೇಷ್ಟ್ರು. ನಾನು ಸಾಮಾನ್ಯವಾಗಿ 18ರಲ್ಲಿ ತುಳೀತೀನಿ. ಗೊತ್ತಿರೋ ವಾಕ್ಯ ಕಿವಿಗೆ ಬಿದ್ರೆ 18 ಹಾಗೇ ಇರುತ್ತೆ. ಒಂದು ಹೊಸ ಪದ ಬಂದ್ರೆ 15. ಎರಡು ಬಂದ್ರೆ 11. ವಾಕ್ಯ ಪೂರ್ತಿ ತಲೆ ಮೇಲೆ ಹೋದ್ರೆ ಕಾಲೇ ನಿಲ್ಲುತ್ತೆ. ಯಾವ ಆ್ಯಪೂ ಕೊಡದ ಮಾರ್ಕ್ಸು ಇದು. ಆ್ಯಪ್ ನಾನು ಊಹೆ ಮಾಡಿ ಒತ್ತಿದ್ರೂ "ಶಭಾಷ್" ಅನ್ನುತ್ತೆ, ಮಂಡಿ ಅನ್ನಲ್ಲ.

ಹಾಗಾದ್ರೆ ಎರಡನೇ ಮುಖದವರು ಹೇಳಿದ್ದೇ ಸರಿಯಾಯ್ತಲ್ಲ, ಎರಡೂ ಕೆಡುತ್ತೆ? ಇಲ್ಲ. 2017ರಲ್ಲಿ ಚೀನಾ, ಇಟಲಿಯ ಸಂಶೋಧಕರು ಸೇರಿ ಒಂದು ಪ್ರಯೋಗ ಮಾಡಿದ್ರು. ಇಂಗ್ಲಿಷ್ ಕಲೀತಿದ್ದ 40 ಚೀನೀ ಕಾಲೇಜು ವಿದ್ಯಾರ್ಥಿಗಳು. ಅರ್ಧ ಜನ ಕೂತು ಪದ ಕಲಿತ್ರು, ಇನ್ನರ್ಧ ಜನ ಸೈಕಲ್ ತುಳೀತಾ ಅದೇ ಪದಗಳನ್ನ ಕಲಿತ್ರು. ಪರದೆ ಮೇಲೆ ಚಿತ್ರ, ಜೊತೆಗೆ ಪದ, ಅಷ್ಟೆ. ತುಳಿದವರೇ ಮುಂದೆ ಬಂದ್ರು. ನಾಲ್ಕು ವಾರ ಬಿಟ್ಟು ಕೇಳಿದಾಗಲೂ ಅವರದ್ದೇ ಕೈ ಮೇಲು. ಆ ಪದಗಳನ್ನ ವಾಕ್ಯದಲ್ಲಿ ಹಾಕಿ ಅರ್ಥ ಸರಿಯಾ ತಪ್ಪಾ ಅಂದಾಗಲೂ ಅಷ್ಟೆ.

ಅದಕ್ಕೂ ಮುಂಚೆ, 2013ರಲ್ಲಿ, ಜರ್ಮನಿಯಲ್ಲೇ ಒಂದು ಪ್ರಯೋಗ ಆಗಿತ್ತು, ಯುವತಿಯರ ಮೇಲೆ. ತುಳೀತಾ ಪದ ಕಲಿತವರಿಗೆ ಲಾಭ ಆಯ್ತು. ಮೊದಲೇ ತುಳಿದು ಮುಗಿಸಿ ಆಮೇಲೆ ಕೂತು ಕಲಿತವರಿಗೆ ಆಗ್ಲಿಲ್ಲ. ಮತ್ತೆ ಇದನ್ನ ಕೇಳಿ ನನಗೆ ಭಾರಿ ಖುಷಿಯಾಯ್ತು: ಶುರುವಿನಲ್ಲಿ ಯಾರು ಹಿಂದಿದ್ರೋ ಅವರಿಗೇ ಹೆಚ್ಚು ಲಾಭ. ನಮ್ಮಂಥವರಿಗೆ ಅಂತ್ಲೇ ಮಾಡಿದ ಹಾಗಿದೆ. ಇನ್ನು "ವ್ಯಾಯಾಮ ಮಾಡಿದ್ರೆ ಬಿಡಿಎನ್‌ಎಫ್ ಅನ್ನೋ ಪ್ರೋಟೀನ್ ಏರುತ್ತೆ, ಅದರಿಂದ ನೆನಪು ಏರುತ್ತೆ" ಅಂತ ವಿಡಿಯೋ ವಿಡಿಯೋದಲ್ಲೂ ಹೇಳ್ತಾರಲ್ಲ? ಆ ಪ್ರಯೋಗದಲ್ಲಿ ರಕ್ತ ತೆಗೆದು ಅದನ್ನೂ ಅಳೆದು ನೋಡಿದ್ರು. ಫಲಿತಾಂಶಕ್ಕೆ ಕಾರಣ ಅದರಲ್ಲಿ ಸಿಗಲಿಲ್ಲ. ಮುಂದಿನ ಸಲ ಯಾರಾದ್ರೂ ಆ ನಾಲ್ಕು ಅಕ್ಷರ ಜಾಸ್ತಿ ನೆತ್ತಿಗೆ ಹಚ್ಚಿದ್ರೆ ಇದನ್ನ ನೆನಪಿಸಿ.

ಆದ್ರೆ ಗಮನಿಸಿ, ಎರಡೂ ಕಡೆ ಕಲಿಸಿದ್ದು ಪದ. ತುಳಿದದ್ದು ಹದವಾಗಿ. ಯಾರಿಗೂ ಸೈಕಲ್ ಮೇಲೆ ಕೂರಿಸಿ ವಿಭಕ್ತಿ ಕೋಷ್ಟಕ ಕೊಡ್ಲಿಲ್ಲ. ನನ್ನ ವಾದ ಇಷ್ಟೇ: ಮಾತು ಸೈಕಲ್ ಮೇಲೆ, ವ್ಯಾಕರಣ ಕುರ್ಚಿ ಮೇಲೆ. ಕಿವಿಯಿಂದ ಬಂದು ಬಾಯಿಂದ ಹೋಗೋದು ಯಾವುದಿದೆಯೋ ಅದು ಕಾಲಿನ ಜೊತೆ ಹೊಂದ್ಕೊಳ್ಳುತ್ತೆ. ಕಣ್ಣಿಟ್ಟು ಬಿಡಿಸಬೇಕಾದದ್ದು ಹೊಂದ್ಕೊಳ್ಳಲ್ಲ.

ನಮ್ಮಜ್ಜಿ ರಾಗಿ ಬೀಸ್ತಾ ಪದ ಹೇಳ್ತಿದ್ರು. ಅವರಿಗೆ ಅಕ್ಷರ ಬರ್ತಿರ್ಲಿಲ್ಲ. ಕಲ್ಲು ಒಂದು ಸುತ್ತು ಬಂದ್ರೆ ಒಂದು ಸಾಲು. ಬೀಸೋದು ನಿಲ್ಲಿಸಿ "ಅಜ್ಜಿ, ಆ ಪದ ಹೇಳು" ಅಂದ್ರೆ ನಾಲ್ಕನೇ ಸಾಲಿಗೆ ತಡವರಿಸೋರು. ಕೈಗೆ ಗೂಟ ಕೊಟ್ರೆ ಮತ್ತೆ ಸರಾಗ. ನಾವು ಮಗ್ಗಿ ಹೇಳಿದ್ದೂ ಕೂತಲ್ಲೇ ತೂಗಾಡ್ಕೊಂಡೇ ಅಲ್ವಾ?

ಈಗ ನಾನು ಮಾಡೋದು ಹೇಳ್ತೀನಿ. ಪಾಲ್ ಪಿಮ್ಸ್ಲರ್ ಅಂತ ಒಬ್ಬ ಅಮೆರಿಕದ ಭಾಷಾ ಮೇಷ್ಟ್ರು 1967ರಲ್ಲಿ ಒಂದು ಲೆಕ್ಕ ಬರೆದ್ರು. ಹೊಸ ಪದ ಕೇಳಿದ 5 ಸೆಕೆಂಡಿಗೆ ಒಮ್ಮೆ ನೆನಪಿಸ್ಕೊಳ್ಳಿ, ಆಮೇಲೆ 25 ಸೆಕೆಂಡಿಗೆ, 2 ನಿಮಿಷಕ್ಕೆ, 10 ನಿಮಿಷಕ್ಕೆ, ಹೀಗೆ ಅಂತರ ಹಿಗ್ಗುತ್ತಾ ಹೋಗುತ್ತೆ. ಈ ಮೊದಲ ನಾಲ್ಕು ಅಂತರ ಅರ್ಧ ಗಂಟೆ ಸೈಕಲ್‌ನಲ್ಲಿ ಆರಾಮಾಗಿ ಹಿಡಿಯುತ್ತೆ. ನಾಳೆ ಮತ್ತೆ ಸೈಕಲ್ ಹತ್ತಿದಾಗ ಒಂದು ದಿನದ ಅಂತರವೂ ತಾನಾಗೇ ಆಯ್ತು. ನಾನು ದಿನಕ್ಕೆ ಐದೇ ಹೊಸ ಪದ ಇಟ್ಕೋತೀನಿ. ಉಳಿದ ಹೊತ್ತು ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲೆಯವರ ನಿಧಾನ ಸುದ್ದಿ. ಕಲಿಯೋರಿಗೆ ಅಂತ್ಲೇ ಅವರು ಸುದ್ದೀನ ಬಿಡಿಸಿ ಬಿಡಿಸಿ ಓದ್ತಾರೆ, ಬಿಟ್ಟಿ.

ವೇಗದ ಬಗ್ಗೆ ಒಂದೇ ಮಾತು. ಕೇಳಿದ ವಾಕ್ಯಾನ ಒಂದೇ ಉಸಿರಿಗೆ ತಿರುಗಿ ಹೇಳೋಕೆ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಪೆಡಲ್ ಗಟ್ಟಿ ಮಾಡೋ ತಿರುಪು ಒಂದು ಸುತ್ತು ಸಡಿಲಿಸಿ. ಮತ್ತೆ ದಯವಿಟ್ಟು ಇದನ್ನ ರಸ್ತೆ ಸೈಕಲ್ ಮೇಲೆ, ಕಿವಿ ಮುಚ್ಕೊಂಡು ಮಾಡಬೇಡಿ. ನಿಂತ ಸೈಕಲ್‌ಗೆ ಗುಂಡಿ ಇಲ್ಲ, ಆಟೋ ಇಲ್ಲ, ಬ್ಯಾಲೆನ್ಸ್ ಮಾಡೋದೂ ಇಲ್ಲ. ಅದಕ್ಕೇ ಕಿವಿ ಖಾಲಿ ಇರೋದು.

ಜೋರಾಗಿ ಹೇಳಿ. ನಮ್ಮ ಬಾಯಿಯ ಕಥೆ ಗೊತ್ತಲ್ಲ, ವ್ಯಂಜನದಲ್ಲಿ ಮುಗಿಯೋ ಪದ ಕಂಡ್ರೆ ಒಂದು ಉಕಾರ ಅಂಟಿಸದೆ ಬಿಡಲ್ಲ. ಬಸ್ಸು, ಕಾರು, ಲೈಟು. ಹಾಗೇ ನಾನು ಮೊದಲು "ಉಂಟ್" ಅನ್ನೋಕೆ "ಉಂಟು" ಅಂತಿದ್ದೆ. ಜರ್ಮನ್‌ನಲ್ಲಿ ಅದು "ಮತ್ತು". ಮೊಮ್ಮಗಳು ಬಿದ್ದು ಬಿದ್ದು ನಗ್ತು. ಇನ್ನು "ನಾನು" ಅನ್ನೋಕೆ ಒಂದು ಪದ ಇದೆ, ಇಶ್ ಅಂತ ಬರೀಬಹುದು, ಆದ್ರೆ ಅದು ನಮ್ಮ ಶಕಾರ ಅಲ್ಲ. ಹಕಾರಕ್ಕೂ ಶಕಾರಕ್ಕೂ ನಡುವೆ ಎಲ್ಲೋ ಬರೀ ಗಾಳಿ. ಕೂತು ಎಷ್ಟು ಸಲ ಹೇಳಿದ್ರೂ ಬರ್ಲಿಲ್ಲ. ಇಪ್ಪತ್ತನೇ ನಿಮಿಷಕ್ಕೆ ಏದುಸಿರು ಬಿಡ್ತಾ ಹೇಳ್ದೆ ನೋಡಿ, ಬಂತು! ಬೇಕಾಗಿದ್ದದ್ದು ಗಾಳಿ, ಗಾಳಿ ಆಗ ಧಾರಾಳವಾಗಿತ್ತು. ನಮ್ಮ ಯಜಮಾನರು ಅಡುಗೆಮನೆಯಿಂದ "ಏನಾಯ್ತೇ?" ಅಂತ ಓಡಿ ಬಂದ್ರು, ಅದು ಬೇರೆ.

ಇನ್ನೊಂದು ಸಂಗತಿ ಕಿವಿಯಿಂದ ಕಲಿತಿದ್ದಕ್ಕೇ ಸಿಕ್ತು. "ಮೀರ್ ಇಸ್ಟ್ ಕಾಲ್ಟ್" ಅಂತ ಒಂದು ವಾಕ್ಯ ಬಂತು. ಮೀಟರ್ 18 ಇದ್ದದ್ದು ಅಲ್ಲಾಡ್ಲಿಲ್ಲ. ಯಾಕಂದ್ರೆ ಅದು "ನನಗೆ ಚಳಿ" ಅನ್ನೋದೇ. ಮೀರ್ ಅಂದ್ರೆ ನನಗೆ. ಇಂಗ್ಲಿಷ್‌ನವರ ಹಾಗೆ "ನಾನು ತಣ್ಣಗಿದ್ದೀನಿ" ಅನ್ನಲ್ಲ ಅವರು. ಬೇಜಾರಾದ್ರೂ "ನನಗೆ ಬೇಜಾರು", ಇಷ್ಟ ಆದ್ರೂ "ಅದು ನನಗೆ ಹಿಡಿಸುತ್ತೆ". ನನ್ನ ಪುಸ್ತಕ ಇಂಗ್ಲಿಷ್‌ನದ್ದು, ಅದರಲ್ಲಿ ಇದನ್ನ ಒಂದು ಪುಟ ಎಚ್ಚರಿಕೆ ಕೊಟ್ಟು ವಿವರಿಸಿದ್ದಾರೆ, ಹಾವು ಹಿಡಿಯೋ ಹಾಗೆ. ನಮಗೆ ಅದು ಮನೆ ಬೆಕ್ಕು. "ಯಾಕಂದ್ರೆ" ಅಂತ ಶುರುವಾದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತೆ ಅಂತ ಇನ್ನೊಂದು ಪುಟ. ನಮ್ಮ ಕ್ರಿಯಾಪದ ಇನ್ನೆಲ್ಲಿರುತ್ತೆ ಸ್ವಾಮಿ?

ಹುಡುಗಿಗೆ ಅವರು "ಡಾಸ್ ಮೇಡ್ಶೆನ್" ಅಂತಾರೆ, ನಪುಂಸಕಲಿಂಗ. ಇದೇನು ಅನ್ಯಾಯ ಅಂತ ಎಲ್ಲರೂ ಗೊಣಗ್ತಾರೆ. ನಾನು ಶುರುವಿನಿಂದ ಮೊಮ್ಮಗಳ ಬಗ್ಗೆ ಹೇಗೆ ಮಾತಾಡ್ದೆ ಗಮನಿಸಿದ್ರಾ? "ಯಾ ಅನ್ನುತ್ತೆ", "ನಗ್ತು", "ಓಡಿಹೋಯ್ತು". ಮೈಸೂರು ಸೀಮೆಯೋರು ನಾವು ಯಾವ ಬಾಯಲ್ಲಿ ಜರ್ಮನ್ನರನ್ನ ಕೇಳೋದು? ಆದ್ದರಿಂದ ಜರ್ಮನ್ ಕಲಿಯೋರಿಗೆ ನನ್ನ ಸಲಹೆ, ಪುಸ್ತಕ ಇಂಗ್ಲಿಷ್‌ನದ್ದೇ ಇರ್ಲಿ, ತಲೆ ಒಳಗೆ ಕನ್ನಡಕ್ಕೆ ನೇರ ಬನ್ನಿ.

ಈಗ ಮೊದಲ ಮುಖದವರ ಸರದಿ, ಎರಡು ಹಕ್ಕಿಯವರು. 30 ದಿನದಲ್ಲಿ ಜರ್ಮನ್, ತುಳೀತಾ ತುಳೀತಾ ಎ1 ಪಾಸ್ ಅಂತ ಹೇಳೋರು. ಎ1 ಅಂದ್ರೆ ಭಾಷೆಯ ಮೊದಲ ಮೆಟ್ಟಿಲಿನ ಪರೀಕ್ಷೆ. ಗಂಡನ ಹತ್ತಿರ ಹೋಗೋಕೆ ವೀಸಾಕ್ಕೆ ಎ1 ಬೇಕು ಅಂತ ನನ್ನ ಮಗಳು ಆ ಪರೀಕ್ಷೆಗೆ ಓದಿದ್ದನ್ನ ನೋಡಿದ್ದೀನಿ. ಅದರಲ್ಲಿ ಬರೆಯೋದಿದೆ, ಫಾರಂ ತುಂಬೋದಿದೆ. ಅದಕ್ಕೆ ಮೇಜು ಬೇಕು, ಪೆನ್ಸಿಲ್ ಬೇಕು, ಬೆನ್ನು ಬಗ್ಗಬೇಕು. ನಾನೂ ವಾರಕ್ಕೆ ಮೂರು ಸಂಜೆ ಊಟದ ಮೇಜಿನ ಮೇಲೆ ಡೆರ್ ಡೀ ಡಾಸ್ ಬರೀತೀನಿ. ಸಮಯ ಉಳಿತಾಯ ಏನೂ ಆಗಿಲ್ಲ. ಆದದ್ದು ಬೇರೆ. ವ್ಯಾಯಾಮ ಬೇಜಾರು ಅಂತ ಬಿಡ್ತಿದ್ದೆ, ಜರ್ಮನ್ ಕಷ್ಟ ಅಂತ ಬಿಡ್ತಿದ್ದೆ. ಈಗ ಒಂದಕ್ಕೆ ನೆಪ ಹೇಳಿದ್ರೆ ಇನ್ನೊಂದು ಕೈ ಹಿಡಿದು ಎಳೆಯುತ್ತೆ.

ಒಂದು ತೊಡಕು ಉಳೀತು. 1975ರಲ್ಲಿ ಬ್ರಿಟನ್ನಿನಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಅನ್ನೋರು ಮುಳುಗುಗಾರರಿಗೆ ಪದದ ಪಟ್ಟಿ ಕಲಿಸಿದ್ರು, ಕೆಲವನ್ನ ನೀರೊಳಗೆ, ಕೆಲವನ್ನ ದಡದಲ್ಲಿ. ನೀರೊಳಗೆ ಕಲಿತದ್ದು ನೀರೊಳಗೇ ಚೆನ್ನಾಗಿ ನೆನಪಾಯ್ತು, ದಡದ್ದು ದಡದಲ್ಲೇ. ನನಗೂ ಹಾಗೇ ಆಗಿತ್ತು. ಸೈಕಲ್ ಮೇಲೆ ಪಟಪಟ ಅನ್ನೋ ಪದ ಸೋಫಾ ಮೇಲೆ ಕೂತು ಕಾಲ್ ಮಾಡಿದಾಗ ಬರ್ತಿರ್ಲಿಲ್ಲ. ನಮ್ಮಜ್ಜಿಯ ನಾಲ್ಕನೇ ಸಾಲು. ಅದಕ್ಕೆ ಈಗ ಅದೇ ಐದು ಪದಾನ ಸೊಪ್ಪು ಬಿಡಿಸುವಾಗ ಒಮ್ಮೆ, ಮಾತ್ರೆ ನುಂಗುವಾಗ ಒಮ್ಮೆ ಹೇಳ್ಕೋತೀನಿ.

ಆದ್ರೂ ಕಳೆದ ಭಾನುವಾರದ ಕಾಲ್‌ನಲ್ಲಿ "ನಿನ್ನೆ ಏನು ತಿಂದೆ" ಅಂತ ಜರ್ಮನ್‌ನಲ್ಲಿ ಕೇಳೋಕೆ ಹೋಗಿ ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡೆ. ಸೋಫಾ ಮೇಲೆ ಕೂತಿದ್ದವಳಿಗೆ ಗೊತ್ತಿಲ್ಲದ ಹಾಗೆ ಪಾದ ಎರಡೂ ತುಳಿಯೋಕೆ ಶುರು ಮಾಡಿದ್ವಂತೆ. ಫೋನ್ ದೂರ ಒರಗಿಸಿದ್ದೆ, ಅದಕ್ಕೆ ಪೂರ್ತಿ ಕಾಣ್ತಿತ್ತು. ಮೊಮ್ಮಗಳು ಸ್ಕ್ರೀನ್ ಹತ್ತಿರ ಮೂಗು ತಂದು ನೋಡ್ತು. ಆಮೇಲೆ, ಕನ್ನಡದಲ್ಲಿ, ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಕೇಳ್ತು:

"ಅಜ್ಜಿ... ಕಾಲು ಯಾಕೆ?"