ಅಪೇಕ್ಷೆ ಅಂದರೆ ಅರ್ಜಿ

ಕೇಳುಗರಿಗೆ ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆ, ಕಾಯಿಲೆಯ ಮಕ್ಕಳಿರುವ ಮನೆಗಳ ಭೇಟಿ ಮುಗಿಸಿ ನಮ್ಮ ಕಾರ್ಯಕರ್ತೆಯರು ಕಚೇರಿಗೆ ಬರುವಾಗ ಸಂಜೆ ಐದು ದಾಟಿರುತ್ತದೆ. ಚಪ್ಪಲಿಗೆ ಕೆಂಪು ಮಣ್ಣು ಮೆತ್ತಿರುತ್ತದೆ. ಕೈಯಲ್ಲಿ ಒಂದು ನೋಟ್‌ಬುಕ್. ಮನೆಯಲ್ಲಿ ಅಮ್ಮ ಮಾತಾಡಿದ್ದು ತುಳುವಿನಲ್ಲಿ. ಇವರು ಬರೆದುಕೊಂಡದ್ದು ಕನ್ನಡದಲ್ಲಿ. ಪಂಚಾಯತಿಗೆ ಹೋಗಬೇಕಾದ ಕಾಗದ ಮಲಯಾಳದಲ್ಲಿ. ಹಣ ಕೊಟ್ಟವರು ಕೇಳುವ ವರದಿ ಇಂಗ್ಲಿಷಿನಲ್ಲಿ. ಒಂದೇ ಮಗುವಿನ ಸಂಗತಿ ನಾಲ್ಕು ಭಾಷೆ ದಾಟಬೇಕು. ಕಾಸರಗೋಡಿನಲ್ಲಿ ಸೇವಾ ಕೆಲಸ ಮಾಡುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಈ ವರದಿಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಚಾಟ್‌ಜಿಪಿಟಿ, ಜೆಮಿನಿ ಎಂಬ ಹೆಸರುಗಳನ್ನು ನೀವು ಕೇಳಿರುತ್ತೀರಿ. ಬರೆದುಕೊಡುವ ಈ ಎಐಯನ್ನು ನಮ್ಮಂಥ ಸಣ್ಣ ಸಂಸ್ಥೆಯ ದಿನದ ಕೆಲಸಕ್ಕೆ ಹೇಗೆ ಬಳಸಬಹುದು ಎಂದು ಇವತ್ತು ಹೇಳುತ್ತೇನೆ. ಒಬ್ಬ ಕಾರ್ಯಕರ್ತೆಯ ಒಂದು ಸಂಜೆಯಿಂದ ಶುರು ಮಾಡುತ್ತೇನೆ.

ಅವರು ಈ ಕೆಲಸದಲ್ಲಿ ಪಳಗಿದವರು. ಮನೆಯ ಬಾಗಿಲಲ್ಲಿ ನಿಂತರೆ ಸಾಕು, ಒಳಗಿನ ಕಷ್ಟ ಗೊತ್ತಾಗುತ್ತದೆ. ಆದರೆ ತಿಂಗಳ ಕೊನೆ ಬಂತೆಂದರೆ ಮುಖ ಬಾಡುತ್ತಿತ್ತು. ಇಂಗ್ಲಿಷ್ ವರದಿಗೆ ಮೂರು ನಾಲ್ಕು ರಾತ್ರಿ ಹೋಗುತ್ತಿತ್ತು. ಆ ಸಂಜೆ ನಾನು ಅವರ ಪಕ್ಕ ಕೂತೆ. ನೋಟ್‌ಬುಕ್ಕಿನಲ್ಲಿದ್ದದ್ದನ್ನು ಮೊಬೈಲಿಗೆ ಕನ್ನಡದಲ್ಲೇ ಓದಿ ಹೇಳಿದರು. ಮೊಬೈಲ್ ಅದನ್ನು ಅಕ್ಷರ ಮಾಡಿತು. ಅದನ್ನು ಎಐಗೆ ಹಾಕಿ, ಇಂಗ್ಲಿಷಿನಲ್ಲಿ ಒಂದು ಪುಟದ ವರದಿ ಮಾಡು ಎಂದು ಕೇಳಿದೆವು. ಒಂದು ನಿಮಿಷವೂ ಬೇಕಾಗಲಿಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನನಗೆ ವರದಿ ಬರೆಯಲಿಕ್ಕೆ ಬರುವುದಿಲ್ಲ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ ಅಕ್ಕ. ಬಾರದ್ದು ಇಂಗ್ಲಿಷ್ ಮಾತ್ರ" ಎಂದರು.

ಈ ಮಾತಿಗಾಗಿಯೇ ನಾನು ಎಐಯನ್ನು ನಮ್ಮ ಕಚೇರಿಯೊಳಗೆ ಬಿಟ್ಟುಕೊಂಡೆ. ಮನೆ ಮನೆ ತಿರುಗುವವರನ್ನು ಇಂಗ್ಲಿಷಿನ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಆದರೆ ಆ ಪುಟವನ್ನು ಹಾಗೇ ಕಳಿಸಲಿಲ್ಲ. ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಮೂರನೆಯ ಸಾಲಿನಲ್ಲಿ ಅವರು ನನ್ನ ಕೈ ಹಿಡಿದರು. ತಾಯಿ ಎರಡು ತಿಂಗಳಿಂದ ವೀಲ್‌ಚೇರಿಗೆ ಆಸೆಪಡುತ್ತಿದ್ದಾರೆ ಎಂದಿತ್ತು ಅಲ್ಲಿ. ನೋಟ್‌ಬುಕ್ ತೆಗೆದು ನೋಡಿದೆವು. "ವೀಲ್‌ಚೇರಿಗೆ ಅಪೇಕ್ಷೆ ಕೊಟ್ಟು ಎರಡು ತಿಂಗಳು" ಎಂದು ಇವರು ಬರೆದಿದ್ದರು.

ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯ ಕೇಳುಗರಿಗಾಗಿ ಹೇಳುತ್ತೇನೆ. ಮಲಯಾಳದಲ್ಲಿ ಅಪೇಕ್ಷೆ ಅಂದರೆ ಅರ್ಜಿ. ಗ್ರಾಮ ಕಚೇರಿಗೆ, ಪಂಚಾಯತಿಗೆ ಅಲೆದೂ ಅಲೆದೂ ಆ ಪದ ನಮ್ಮ ಕನ್ನಡದೊಳಗೂ ಬಂದು ಕೂತಿದೆ. ಎಐ ಓದಿರುವ ಕನ್ನಡದಲ್ಲಿ ಅಪೇಕ್ಷೆ ಅಂದರೆ ಆಸೆ. ಅದು ತನಗೆ ಗೊತ್ತಿದ್ದಂತೆ ಬರೆಯಿತು. ಆದರೆ ಏನಾಯಿತು ನೋಡಿ. ಎರಡು ತಿಂಗಳಿಂದ ಉತ್ತರ ಸಿಗದೆ ಬಿದ್ದಿರುವ ಅರ್ಜಿ, ಬರೀ ಒಬ್ಬ ತಾಯಿಯ ಆಸೆಯಾಗಿ ಹೋಯಿತು. ಅರ್ಜಿಗೆ ಯಾರಾದರೂ ಉತ್ತರ ಕೊಡಲೇಬೇಕು. ಆಸೆಗೆ ಯಾರು ಉತ್ತರ ಕೊಡುತ್ತಾರೆ?

ಕೊನೆಯ ಸಾಲು ಇನ್ನೂ ಕಷ್ಟದ್ದು. ಮಗುವಿನ ಸ್ಥಿತಿ ಗಮನಾರ್ಹವಾಗಿ ಸುಧಾರಿಸಿದೆ ಎಂದು ಬರೆದಿತ್ತು. ನೋಟ್‌ಬುಕ್ಕಿನಲ್ಲಿ ಹಾಗೆ ಎಲ್ಲೂ ಇಲ್ಲ. "ಇಲ್ಲ ಅಕ್ಕ, ಆ ಹುಡುಗ ಹಾಗೇ ಇದ್ದಾನೆ. ಈಗ ಬೆಳೆದು ಭಾರವಾಗಿದ್ದಾನೆ. ಎತ್ತಿ ಎತ್ತಿ ಅಮ್ಮನ ಸೊಂಟ ಹೋಗಿದೆ" ಎಂದರು ಇವರು.

ಇದು ಯಾಕೆ ಹೀಗಾಗುತ್ತದೆ? ಎಐ ಲೆಕ್ಕವಿಲ್ಲದಷ್ಟು ಬರಹ ಓದಿಕೊಂಡಿದೆ. ಒಂದು ಮಾತಿನ ನಂತರ ಯಾವ ಮಾತು ಬರಬಹುದು ಎಂದು ಊಹಿಸುತ್ತಾ ಬರೆಯುತ್ತದೆ. ಸೇವಾ ಸಂಸ್ಥೆಗಳ ವರದಿಗಳು ಸಾಮಾನ್ಯವಾಗಿ ಸುಧಾರಣೆಯ ಮಾತಿನಿಂದಲೇ ಮುಗಿಯುತ್ತವೆ, ಅಲ್ವಾ? ಹಾಗಾಗಿ ಇದನ್ನೂ ಹಾಗೇ ಮುಗಿಸಿತು. ಆ ಮನೆಯ ಒಳಗೆ ಅದು ಕಾಲಿಟ್ಟಿಲ್ಲ. ಕಾಲಿಟ್ಟವರು ಇವರು.

ಈಗ ನಾವು ಕೇಳುವಾಗಲೇ ಹೇಳುತ್ತೇವೆ: ನಾನು ಕೊಡದ ಸಂಗತಿ ಸೇರಿಸಬೇಡ, ಗೊತ್ತಿಲ್ಲದ ಕಡೆ ಖಾಲಿ ಬಿಡು, ಅನುಮಾನವಿದ್ದರೆ ನನ್ನನ್ನೇ ಕೇಳು. ಇದರಿಂದ ತಪ್ಪು ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ. ಅದಕ್ಕೇ ಮನೆಗೆ ಹೋಗಿ ಬಂದವರು ಕೇಳಿಸಿಕೊಂಡು ಸರಿ ಎನ್ನುವ ತನಕ ಯಾವ ವರದಿಯೂ ನಮ್ಮ ಕಚೇರಿಯಿಂದ ಹೊರಡುವುದಿಲ್ಲ. ಹೊತ್ತಿಲ್ಲ ಎಂದು ಇದನ್ನು ಬಿಟ್ಟರೆ ಎಐಯನ್ನೇ ಬಿಡುವುದು ಒಳ್ಳೆಯದು. ಇನ್ನು ಖರ್ಚು ವೆಚ್ಚದ ಮೊತ್ತವನ್ನು ಅದರ ಹತ್ತಿರ ಕೂಡಿಸಬೇಡಿ, ಅದಕ್ಕೆ ಎಕ್ಸೆಲ್ ಇದೆ.

ನಮ್ಮ ಈ ಭಾಗದಲ್ಲಿ ಕಾಗದದ ಮೇಲಿನ ಒಂದು ಮಾತಿಗೆ ಎಷ್ಟು ತೂಕ ಎಂದು ನಿಮಗೆ ಗೊತ್ತು. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆಯಿತು. 2017ರಲ್ಲಿ ಬಾಧಿತರಿಗೆ 5 ಲಕ್ಷ ರೂಪಾಯಿ ಕೊಡಿ ಎಂದಿತು. ಆದರೆ ಹಣ ಸಿಗಬೇಕಾದರೆ ಹೆಸರು ಪಟ್ಟಿಯಲ್ಲಿರಬೇಕು. ಪಟ್ಟಿಗೆ ಸೇರಲು ಕಾಗದ ಸರಿ ಇರಬೇಕು. ಇಲ್ಲದ ಸುಧಾರಣೆಯನ್ನು ನಾವೇ ಬರೆದುಕೊಟ್ಟರೆ ಆ ತಾಯಿಯ ಮುಖ ಹೇಗೆ ನೋಡುವುದು?

ಹೆಸರಿನ ವಿಷಯಕ್ಕೆ ಬರುತ್ತೇನೆ. ರೋಗಿಯ ಹೆಸರು, ಆಧಾರ್ ಸಂಖ್ಯೆ, ಆಸ್ಪತ್ರೆ ಚೀಟಿಯ ಫೋಟೋ, ಇವು ಯಾವುದನ್ನೂ ಎಐಗೆ ಕೊಡಬೇಡಿ. ನಾವು ಒಂದನೇ ಮನೆ, ಎರಡನೇ ಮನೆ ಎಂದು ಬರೆಯುತ್ತೇವೆ. ಯಾವುದು ಯಾರ ಮನೆ ಎಂಬುದು ನೋಟ್‌ಬುಕ್ಕಿನಲ್ಲಿ ಮಾತ್ರ ಇರುತ್ತದೆ. ಹೆಸರು ತೆಗೆದರೂ ಸಾಲದು. ಸಣ್ಣ ಊರು ನಮ್ಮದು. ಗುಡ್ಡದ ಮೇಲಿನ ಮನೆ, ಇಬ್ಬರು ಮಕ್ಕಳಿಗೂ ಕಾಯಿಲೆ ಎಂದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರೂ ಗುರುತು ಹಿಡಿಯುತ್ತಾರೆ. ಅಂಥ ವಿವರವನ್ನೂ ಬಿಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾನೂನು ಮಕ್ಕಳ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಕಾನೂನು ಇಲ್ಲದಿದ್ದರೂ ಕೇಳಬೇಕಾದದ್ದೇ.

ಚಿತ್ರದ ಬಗ್ಗೆಯೂ ಹೇಳಲೇಬೇಕು. ಈ ಊರುಗಳ ಮಕ್ಕಳ ಫೋಟೋ ಜಗತ್ತಿನ ತುಂಬ ಓಡಾಡಿದೆ. ಹಾಗೆಂದು ಅವರ ಬದಲು ಎಐ ಹತ್ತಿರ ಅಳುವ ಮಗುವಿನ ಚಿತ್ರ ಮಾಡಿಸಿ ಕರಪತ್ರಕ್ಕೆ ಹಾಕುವುದು ನನ್ನಿಂದ ಆಗದು. ಇಲ್ಲದ ಮಗುವನ್ನು ತೋರಿಸಿ ಇರುವ ಮಗುವಿಗೆ ಹಣ ಕೇಳಿದರೆ, ನಾಳೆ ನಿಜವಾದ ಫೋಟೋವನ್ನೂ ಯಾರೂ ನಂಬುವುದಿಲ್ಲ.

ನನಗೆ ತುಂಬಾ ಖುಷಿ ಕೊಟ್ಟ ಕೆಲಸ ಒಂದಿದೆ. ಮಲಯಾಳದ ಸುತ್ತೋಲೆ ಬಂದಾಗ ಅದನ್ನು ಎಐಯಿಂದ ಸುಲಭ ಕನ್ನಡಕ್ಕೆ ತಂದು, ತಿದ್ದಿ, ಮನೆಯ ಜಗಲಿಯಲ್ಲಿ ಕೂತು ಓದಿ ಹೇಳುತ್ತೇವೆ. ಮೊದಲು ಮಲಯಾಳ ಬಲ್ಲ ಮಾಷ್ಟ್ರು ಸಿಗುವ ತನಕ ಕಾಯಬೇಕಿತ್ತು. ಅಷ್ಟರಲ್ಲಿ ಕೊನೆಯ ದಿನಾಂಕವೇ ದಾಟಿರುತ್ತಿತ್ತು. ತುಳುವಿಗೂ ಬಾಗಿಲು ತೆರೆಯುತ್ತಿದೆ. 2024ರ ಜೂನಿನಲ್ಲಿ ಗೂಗಲ್ ತನ್ನ ಅನುವಾದಕ್ಕೆ ಸೇರಿಸಿದ 110 ಭಾಷೆಗಳಲ್ಲಿ ತುಳುವೂ ಒಂದು. ತುಳುವಿನ ಮಾತನ್ನು ಸದ್ಯಕ್ಕೆ ನಾವೇ ಕನ್ನಡ ಮಾಡಿಕೊಳ್ಳುತ್ತೇವೆ.

ಆ ವೀಲ್‌ಚೇರಿನ ಸಂಜೆಯ ನಂತರ ಕಂಪ್ಯೂಟರಿನ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ. ಎಐಗೆ ಕೆಲಸ ಹೇಳುವ ಮೊದಲು ಆ ಹಾಳೆಯಲ್ಲಿರುವುದನ್ನೂ ಹಾಕುತ್ತೇವೆ. ಅಪೇಕ್ಷೆ ಅಂದರೆ ಅರ್ಜಿ. ಅವಕಾಶ ಅಂದರೆ ಕೆಲವೊಮ್ಮೆ ಹಕ್ಕು. ಇಂಥ ಪದ ಮಲಯಾಳ ಲಿಪಿಯಲ್ಲೇ ಇದ್ದರೆ ಎಐ ಹೆಚ್ಚಾಗಿ ತಪ್ಪುವುದಿಲ್ಲ. ನಾವು ಕನ್ನಡ ಅಕ್ಷರದಲ್ಲಿ ಬರೆದುಕೊಂಡಾಗಲೇ ಎಡವುತ್ತದೆ. ಕಳೆದ ವಾರ ಒಬ್ಬಳು ಹೊಸ ಹುಡುಗಿ ವೈದ್ಯರ ಸರ್ಟಿಫಿಕೇಟಿನಿಂದ "ಸಂಸಾರಶೇಷಿ ಇಲ್ಲ" ಎಂದು ಬರೆದುಕೊಂಡು ಬಂದಳು. ಮಲಯಾಳದಲ್ಲಿ ಸಂಸಾರ ಅಂದರೆ ಮಾತು, ಶೇಷಿ ಅಂದರೆ ಶಕ್ತಿ. ಆ ಮಗುವಿಗೆ ಮಾತು ಬರುವುದಿಲ್ಲ ಎಂದು ಅದರ ಅರ್ಥ. ಎಐಗೆ ಹಾಕುವ ಮೊದಲೇ ಅವಳು ಪೆನ್ನು ತೆಗೆದುಕೊಂಡು, ಎದ್ದು ಹೋಗಿ, ಹಾಳೆಯ ಕೊನೆಗೆ ಅದನ್ನೂ ಬರೆದಳು.

ನಮಸ್ಕಾರ.