ಬಾದಾಮಿಯ ಬಂಡೆ ಮಧ್ಯಾಹ್ನ ಹತ್ತುವುದಕ್ಕಲ್ಲ

ಎಲ್ಲರಿಗೂ ನಮಸ್ಕಾರ. ಹೋದ ಶನಿವಾರ, ಭಾನುವಾರ ನಾವು ಬಾದಾಮಿಯಲ್ಲಿದ್ದೆವು. ನಾನು, ತಮ್ಮ, ನಮ್ಮ ಚಿಕ್ಕಮ್ಮ. ಚಿಕ್ಕಮ್ಮನಿಗೆ ಅರವತ್ತಮೂರು. ಬಾದಾಮಿ ನೋಡಬೇಕು ಅನ್ನುವುದು ಅವರ ಎಷ್ಟೋ ವರ್ಷದ ಆಸೆ. ಹೊರಡುವ ಮೂರು ದಿನ ಮುಂಚೆಯೇ ಬಿಸಿಗಾಳಿಯ ಸುದ್ದಿ ಬರುತ್ತಿತ್ತು. ಆದರೆ ರೈಲಿನ ಟಿಕೆಟ್ ಆಗಿತ್ತು, ರೂಮಿಗೆ ದುಡ್ಡು ಕಟ್ಟಿಯಾಗಿತ್ತು. ಹೊರಟುಬಿಟ್ಟೆವು.

ಕಾರಿನವರು ಒಂದೇ ದಿನದಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರೂ ಮುಗಿಸಿಬಿಡೋಣ ಅಂದರು. ಎಲ್ಲರೂ ಹಾಗೇ ಮಾಡ್ತಾರೆ ಅಂದರು. ರೈಲು ಇಳಿದು, ಸ್ನಾನ, ತಿಂಡಿ ಎಲ್ಲ ಆಗಿ ಗುಹೆಗಳ ಮೆಟ್ಟಿಲ ಹತ್ತಿರ ನಮ್ಮನ್ನು ಇಳಿಸಿದಾಗ ಹನ್ನೆರಡೂವರೆ. ಒಂದು ಗಂಟೆ ಸಾಕಲ್ವಾ ಅಂತ ಕೇಳಿದರು. ನಾನು ಹೂಂ ಅಂದೆ. ಅದೇ ತಪ್ಪಾಯಿತು.

ಫೋನಿನಲ್ಲಿ 41 ಡಿಗ್ರಿ ಅಂತಿತ್ತು. ಆ ಅಂಕಿ ಏನು ಹೇಳುತ್ತದೆ ಅಂತ ಸ್ವಲ್ಪ ಯೋಚಿಸಿ. ಹವಾಮಾನ ಇಲಾಖೆ ಉಷ್ಣಾಂಶ ಅಳೆಯುವುದು ನೆರಳಿನಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ. ಅಂದರೆ ಅದು ನೆರಳಿನ ಗಾಳಿಯ ಬಿಸಿ. ಬೆಳಿಗ್ಗೆಯಿಂದ ಬಿಸಿಲು ಕುಡಿದು ಕೂತ ಕೆಂಪು ಮರಳುಗಲ್ಲಿನದಲ್ಲ. ಬಾದಾಮಿಯಲ್ಲಿ ಮೆಟ್ಟಿಲೂ ಕಲ್ಲು, ಪಕ್ಕದ ಗೋಡೆಯೂ ಕಲ್ಲು, ತಲೆಯ ಮೇಲೆ ನಿಂತ ಗುಡ್ಡವೂ ಕಲ್ಲು. ಬಿಸಿ ಮೇಲಿನಿಂದ ಮಾತ್ರ ಬರುವುದಿಲ್ಲ, ಸುತ್ತಲಿನಿಂದಲೂ ಬರುತ್ತದೆ.

ಚಿಕ್ಕಮ್ಮ ಅರ್ಧ ಹತ್ತಿ, ಉಸಿರು ತೆಗೆದುಕೊಳ್ಳೋಣ ಅಂತ ಬಂಡೆಯ ಮೇಲೆ ಕೈ ಇಟ್ಟರು. ಕಾವಲಿ ಮುಟ್ಟಿದವರ ಹಾಗೆ ಥಟ್ಟನೆ ಎಳೆದುಕೊಂಡರು. ಇನ್ನು ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ, "ತಲೆ ಸುತ್ತುತ್ತೆ ಕಣೇ, ವಾಂತಿ ಬರೋ ಹಾಗಿದೆ" ಅಂದರು. ನನ್ನ ಜೀವ ಬಾಯಿಗೆ ಬಂತು. ತಮ್ಮ, ನಾನು ಇಬ್ಬರೂ ಹಿಡಿದುಕೊಂಡು ಮೊದಲನೇ ಗುಹೆಯ ಪಡಸಾಲೆಗೆ ಕರೆದುಕೊಂಡು ಹೋಗಿ ಮಲಗಿಸಿದೆವು.

ಅಲ್ಲಿದ್ದ ಕಾವಲಿನವರು ಓಡಿ ಬಂದರು. ತಮ್ಮದೇ ಕ್ಯಾನಿನ ನೀರಿನಲ್ಲಿ ಟವೆಲ್ ಅದ್ದಿ ಕೊಟ್ಟರು. "ಅಕ್ಕಾರ, ಮೊದ್ಲ ಕುತ್ತಿಗಿಗೆ ಹಚ್ರಿ, ಗಾಳಿ ಹಾಕ್ರಿ. ಗಡಬಡಿಸಿ ನೀರ ಕುಡಿಸಬ್ಯಾಡ್ರಿ, ಒಂದೊಂದ ಗುಟುಕ ಕೊಡ್ರಿ." ಆಮೇಲೆ ಮೆಲ್ಲಗೆ ಅಂದರು, "ಈ ಹೊತ್ನ್ಯಾಗ ನಮ್ಮ ಊರ ಮಂದಿ ಸೈತ ಗುಡ್ಡ ಹತ್ತಂಗಿಲ್ರಿ."

ಅರ್ಧ ಗಂಟೆಯಲ್ಲಿ ಚಿಕ್ಕಮ್ಮ ಎದ್ದು ಕೂತರು. ನಮ್ಮ ಪುಣ್ಯ. ಒಂದು ವಿಷಯ ದಯವಿಟ್ಟು ನೆನಪಿಟ್ಟುಕೊಳ್ಳಿ. ತಲೆಸುತ್ತು, ವಾಕರಿಕೆ, ಸುಸ್ತು ಇದ್ದರೆ ನೆರಳು, ನೀರು, ಓಆರ್‌ಎಸ್ ಕೊಟ್ಟು ನೋಡಬಹುದು. ಆದರೆ ಮಾತು ತೊದಲಿದರೆ, ಎಲ್ಲಿದ್ದೇವೆ ಅಂತಲೇ ಗೊತ್ತಾಗದಿದ್ದರೆ, ಎಚ್ಚರ ತಪ್ಪಿದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ಆಗ ಬಾಯಿಗೆ ನೀರು ಹಾಕಬೇಡಿ. ಮೈ ಒದ್ದೆ ಮಾಡಿ, ಗಾಳಿ ಹಾಕುತ್ತಲೇ 108ಕ್ಕೆ ಫೋನ್ ಮಾಡಿ.

ಆ ಪಡಸಾಲೆಯಲ್ಲಿ ಕೂತಾಗ ನನಗೆ ಒಂದು ವಿಷಯ ಅನುಭವಕ್ಕೆ ಬಂತು. ಹೊರಗೆ ಕಾಲಿಡಲು ಆಗದ ಬಿಸಿಲು, ಒಳಗೆ ಬೆನ್ನಿಗೆ ತಣ್ಣಗಿನ ಕಂಬ. ಗುಹೆಗಳ ಮುಖ ಉತ್ತರಕ್ಕಿದೆ. ಎದುರಿಗೆ ಅಗಸ್ತ್ಯ ಕೆರೆ. ಒಂದನೇ ಪುಲಕೇಶಿ 543ರಲ್ಲಿ ಇಲ್ಲಿ ಕೋಟೆ ಕಟ್ಟಿಸಿದ. ಅವನ ಮಗ ಮಂಗಳೇಶ ಮಾಡಿಸಿದ ಮೂರನೇ ಗುಹೆಯಲ್ಲಿ 578ರ ಶಾಸನವಿದೆ. ಎರಡು ಗುಡ್ಡ, ಮಧ್ಯೆ ನೀರು, ನೆರಳಿಗೆ ಬಂಡೆಯ ಹೊಟ್ಟೆ. ಇಂಥ ಊರಿಗೆ ಬಂದು ನಾವು ನೆರಳು ಬಿಟ್ಟು ಬಿಸಿಲಿನಲ್ಲಿ ಓಡುತ್ತೇವೆ, ಯಾಕೆ? ಮೂರು ಊರು ಲೆಕ್ಕಕ್ಕೆ ಸಿಗಬೇಕು ಅಂತ.

ಅದಕ್ಕೇ ನಾನು ಹೇಳುವುದು ಇಷ್ಟೇ. ಬಿಸಿಗಾಳಿ ಇರುವಾಗ ಮೂರೂ ಊರು ಒಂದೇ ದಿನ ಅನ್ನುವ ಯೋಜನೆಯನ್ನು ಯಾರೂ ಮಾಡಬಾರದು, ಯಾರೂ ಒಪ್ಪಬಾರದು. ದಿನಾಂಕ ಮುಂದೆ ಹಾಕಲು ಆದರೆ ಹಾಕಿ. ಟಿಕೆಟ್ ದುಡ್ಡು ಹೋದರೆ ಹೋಗಲಿ. ಆಗದಿದ್ದರೆ ಒಂದೇ ಊರು ಇಟ್ಟುಕೊಳ್ಳಿ. ಹನ್ನೊಂದರಿಂದ ನಾಲ್ಕರ ತನಕ ರೂಮಿನಲ್ಲಿ ಸುಮ್ನೆ ಮಲಗಿ. ಪಟ್ಟದಕಲ್ಲಿನ ಗುಡಿಗಳು ಎಲ್ಲಿಗೂ ಹೋಗುವುದಿಲ್ಲ, ಡಿಸೆಂಬರಿನಲ್ಲೂ ಇರುತ್ತವೆ. ಪ್ರವಾಸ ಮಾಡಿಸುವವರಿಗೂ ಕೇಳಿಕೊಳ್ಳುತ್ತೇನೆ. ವಯಸ್ಸಾದವರು, ಮಕ್ಕಳು ಗುಂಪಿನಲ್ಲಿದ್ದಾಗ ಬೇಡ ಅಂತ ಮೊದಲು ನೀವೇ ಹೇಳಿ. ಬಿಸಿಲು ಗೊತ್ತಿರುವವರು ನೀವು, ನಾವಲ್ಲ.

ನಾವು ಕಾರು ವಾಪಸ್ ಕಳಿಸಿದೆವು. ಸಂಜೆ ಕೆರೆಯ ದಂಡೆಯಲ್ಲಿ ಭೂತನಾಥ ಗುಡಿಯ ತನಕ ನಿಧಾನಕ್ಕೆ ನಡೆದೆವು. ಹೊತ್ತು ಮುಳುಗಿದರೂ ಬಂಡೆಯ ಪಕ್ಕ ಹೋದರೆ ಒಲೆಯ ಮುಂದೆ ನಿಂತ ಹಾಗೆ. ನೀರಿನ ಕಡೆ ಮಾತ್ರ ತಂಪು. ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತು ಪಾದ ನೀರಿಗೆ ಬಿಟ್ಟರು. ಒಂದು ಕೋತಿ ಬಂದು ತಮ್ಮನ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡು ಹೋಯಿತು. ಅದಕ್ಕೂ ಬಾಯಾರಿಕೆ ಅಲ್ವಾ? ತಮ್ಮ ಇನ್ನೊಂದು ಬಾಟಲಿ ಕೊಂಡುಕೊಂಡ.

ಭಾನುವಾರ ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೆ ನಾವು ಅಲ್ಲಿದ್ದೆವು. ಹಿಂದಿನ ದಿನ ಚಿಕ್ಕಮ್ಮ ಅದೇ ಮೊದಲನೇ ಗುಹೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದರು, ಏನೂ ನೋಡಿರಲಿಲ್ಲ. ಈಗ ನಟರಾಜನ ಮುಂದೆ ನಿಂತು ಬೆರಳು ತೋರಿಸುತ್ತಾ ಒಂದು ಕಡೆಯ ಕೈಗಳನ್ನು ಎಣಿಸಿದರು. ಒಂಬತ್ತು. ಇನ್ನೊಂದು ಕಡೆಯೂ ಒಂಬತ್ತು. ನಂಬಿಕೆ ಬರಲಿಲ್ಲ. ಮತ್ತೆ ಮೊದಲಿನಿಂದ ಎಣಿಸತೊಡಗಿದರು. ನಮಗೇನೂ ಅವಸರವಿರಲಿಲ್ಲ.